ದಾವಣಗೆರೆಯಲ್ಲಿ ಚರ್ಮದ ಜಾಕೆಟ್ ಇಸ್ತ್ರಿಗೆ ಕೊಡುವ ಮುನ್ನ

ನಮ್ಮ ಊರಿನಲ್ಲಿ ಚರ್ಮದ ಜಾಕೆಟ್ ಇಟ್ಟುಕೊಂಡವರು ಹೆಚ್ಚಿಲ್ಲ. ಬೈಕ್ ಹುಚ್ಚಿನವರು, ಡಿಸೆಂಬರ್ ಬಂತೆಂದರೆ ಚಿಕ್ಕಮಗಳೂರಿನ ಕಡೆ ಹೊರಡುವವರು, ದೆಹಲಿಯ ಚಳಿಯಲ್ಲಿ ಒಂದಷ್ಟು ವರ್ಷ ನೌಕರಿ ಮಾಡಿ ಬಂದವರು, ಇಷ್ಟೇ ಜನ. ಹಾಗಾಗಿ ಅದನ್ನು ನೋಡಿಕೊಳ್ಳುವ ಬಗೆ ತಿಳಿದವರೂ ಕಡಿಮೆ, ತಿಳಿದಿದೆ ಎನ್ನುವವರು ಮಾತ್ರ ಬೇಕಾದಷ್ಟು. ಅಂಥವರ ಕೈಗೆ ಸಿಕ್ಕಿ ನನ್ನ ಜಾಕೆಟ್ ಕೆಟ್ಟಿತು. ನಿಮ್ಮದು ಬೀರುವಿನಲ್ಲಿ ಮುದುಡಿ ಕುಳಿತಿದ್ದರೆ ಮುಂದೆ ಓದಿ.

ಕಪ್ಪು ಬಣ್ಣದ, ಕುರಿಚರ್ಮದ ಜಾಕೆಟ್ ಅದು. ಚೆನ್ನೈನಲ್ಲಿ ಕೆಲಸದಲ್ಲಿದ್ದಾಗ ಕೊಂಡದ್ದು. ರಾಣಿಪೇಟೆ, ಆಂಬೂರು, ವಾಣಿಯಂಬಾಡಿಯ ಚರ್ಮದ ಕಾರ್ಖಾನೆಗಳು ಹತ್ತಿರದಲ್ಲೇ ಇರುವುದರಿಂದ ಅಲ್ಲಿ ಒಳ್ಳೆಯ ಮಾಲು ಸಿಗುತ್ತದೆ. ಪಿ.ಜೆ. ಬಡಾವಣೆಯಿಂದ ಹದಡಿ ರಸ್ತೆಯ ಕಡೆಗೆ ಮನೆ ಬದಲಿಸುವಾಗ ಸಾಮಾನು ಸಾಗಿಸುವ ಹುಡುಗರು ಅದನ್ನು ಮಡಚಿ ಪುಸ್ತಕದ ಪೆಟ್ಟಿಗೆಯ ತಳಕ್ಕೆ ತುರುಕಿದ್ದರು. ಹೊರಗೆ ತೆಗೆದಾಗ ಬೆನ್ನಿನ ಮೇಲೆ ಅಡ್ಡಲಾಗಿ ಎರಡು ಗೆರೆ, ತೋಳಿನ ಉದ್ದಕ್ಕೂ ಸುಕ್ಕು. ಹರಿದಿರಲಿಲ್ಲ, ಬಣ್ಣ ಹೋಗಿರಲಿಲ್ಲ. ಗಾಜಿನ ಬಾಗಿಲಿನ ಒಂದು ಡ್ರೈ ಕ್ಲೀನಿಂಗ್ ಅಂಗಡಿಗೆ ಒಯ್ದೆ. ಹೆಸರು ಬರೆಯುವುದಿಲ್ಲ, ಅವರೊಂದಿಗೆ ಲೆಕ್ಕ ಇನ್ನೂ ಮುಗಿದಿಲ್ಲ.

"ಚರ್ಮಕ್ಕೆ ಶಾಖ ಆಗುವುದಿಲ್ಲವಲ್ಲ, ಹೇಗೆ ಸುಕ್ಕು ತೆಗೆಯುತ್ತೀರಿ?" ಎಂದು ಕೌಂಟರಿನಲ್ಲಿ ಕೇಳಿದೆ. "ನಮಗೆ ಇದೇ ಕೆಲಸ ಸಾರ್, ಸ್ಟೀಮ್ ಕೊಟ್ಟರೆ ಹೊಸದರಂತೆ ಆಗುತ್ತದೆ" ಎಂದರು. ಹೇಗೆ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ನೀವು ಕೇಳಿದಾಗಲೂ ಉತ್ತರದ ಜಾಗದಲ್ಲಿ ಧೈರ್ಯದ ಮಾತು ಬಂದರೆ ಜಾಕೆಟ್ ಎತ್ತಿಕೊಂಡು ಹೊರಟುಬಿಡಿ.

ವಾಪಸು ಬಂದ ಜಾಕೆಟ್‌ನಲ್ಲಿ ಬೆನ್ನಿನ ಗೆರೆಗಳು ಹೋಗಿದ್ದವು, ನಿಜ. ಅವುಗಳ ಜೊತೆಗೆ ಬೆನ್ನಿನ ಚರ್ಮದ ಸಣ್ಣ ಸಣ್ಣ ರಂಧ್ರಗಳ ಗುರುತೂ ಅಳಿಸಿ, ಇಸ್ತ್ರಿ ಪೆಟ್ಟಿಗೆಯ ಮೂತಿಯ ಆಕಾರದಲ್ಲಿ ಜಿಡ್ಡು ಹೊಳಪೊಂದು ಉಳಿದಿತ್ತು. ಬಲತೋಳು ಎಡತೋಳಿಗಿಂತ ಗಿಡ್ಡವಾಗಿತ್ತು. ಕೆಳ ಅಂಚು ಕೆಂಡದ ಮೇಲೆ ಹಿಡಿದ ಹಪ್ಪಳದಂತೆ ಮುರುಟಿ ಮೇಲೆದ್ದಿತ್ತು. ಒಳಗಿನ ಅಸ್ತರಿನ ಬಟ್ಟೆ ಮಾತ್ರ ಹಳೆಯ ಅಳತೆಯಲ್ಲೇ ಇದ್ದು, ಕುಗ್ಗಿದ ಚರ್ಮದೊಳಗೆ ಜಾಗ ಸಾಲದೆ ಜೋಲುತ್ತಿತ್ತು.

ಅಂಗಡಿಯವರ ಮೊದಲ ವಾದ, "ಇದು ಅಸಲಿ ಚರ್ಮವಲ್ಲ, ರೆಕ್ಸಿನ್" ಎಂಬುದು. ಈ ಮಾತು ಮುಂದೆ ನಿಮಗೂ ಎದುರಾಗಬಹುದು, ಆದ್ದರಿಂದ ಪರೀಕ್ಷೆ ಗೊತ್ತಿರಲಿ. ಜೇಬಿನ ಒಳಗೋ ಹೊಲಿಗೆಯ ಬಳಿಯೋ ಕತ್ತರಿಸಿದ ಅಂಚು ಸಿಗುತ್ತದೆ. ಅಸಲಿ ಚರ್ಮವಾದರೆ ಅಲ್ಲಿ ಎಳೆಎಳೆಯಾದ ನಾರು ಕಾಣುತ್ತದೆ. ರೆಕ್ಸಿನ್ ಅಥವಾ ಪಾಲಿಯುರೆಥೇನ್ ಹಾಳೆಯಾದರೆ ನೇಯ್ದ ಬಟ್ಟೆಯ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಪದರ ಅಂಟಿರುತ್ತದೆ. ನಾನು ಹಳೆಯ ಬಸ್ ನಿಲ್ದಾಣದ ಕಡೆ ಪಾದರಕ್ಷೆ ದುರಸ್ತಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅಂಚನ್ನು ಬೆರಳಿನಿಂದ ಬಗ್ಗಿಸಿ ನೋಡಿ, "ಕುರಿಯದ್ದೇ. ಆದರೆ ಬೆಂದುಹೋಗಿದೆಯಪ್ಪ. ಬೆಂದದ್ದನ್ನು ನಾನೇನು ಮಾಡಲಿ?" ಎಂದರು. ಡ್ರೈ ಕ್ಲೀನಿಂಗ್ ಅಂಗಡಿಯ ಇಡೀ ಸಿಬ್ಬಂದಿಗಿಂತ ಅವರಿಗೆ ಹೆಚ್ಚು ತಿಳಿದಿತ್ತು.

ಬೆಂದಿದೆ ಎನ್ನುವುದು ಅಕ್ಷರಶಃ ಸರಿ. ಚರ್ಮವೆಂದರೆ ಕೊಲಾಜೆನ್ ಎಂಬ ಪ್ರೋಟೀನಿನ ಹೆಣೆದ ನಾರುಗಳು. ತೇವದ ಜೊತೆ ಶಾಖ ಒಂದು ಮಟ್ಟ ದಾಟಿದರೆ ಆ ನಾರುಗಳು ಸುರುಟಿ ಕುಗ್ಗುತ್ತವೆ, ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಹದ ಮಾಡದ ಹಸಿ ಚರ್ಮ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುಗ್ಗುತ್ತದೆ. ಚಿತ್ರದುರ್ಗದ ಬಯಲಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿ ಗಿಡವನ್ನು ನೋಡಿದ್ದೀರಲ್ಲ, ಅದರ ತೊಗಟೆಯಿಂದಲೇ ಹಿಂದೆ ದಕ್ಷಿಣ ಭಾರತದಲ್ಲಿ ಚರ್ಮ ಹದ ಮಾಡುತ್ತಿದ್ದರು. ಹಾಗೆ ತೊಗಟೆಯಲ್ಲಿ ಹದಗೊಂಡ ಚರ್ಮ ಒದ್ದೆಯಾಗಿದ್ದಾಗ 70ರಿಂದ 85 ಡಿಗ್ರಿಯವರೆಗೆ ತಡೆಯುತ್ತದೆ. ಈಗಿನ ಜಾಕೆಟ್‌ಗಳಲ್ಲಿ ಹೆಚ್ಚಿನವು ಕ್ರೋಮಿಯಂ ಲವಣದಿಂದ ಹದ ಮಾಡಿದವು, ಅವುಗಳ ತಾಳ್ಮೆ 100 ಡಿಗ್ರಿಯ ಸುತ್ತ ಮುಗಿಯುತ್ತದೆ. ಹತ್ತಿ ಬಟ್ಟೆಗೆಂದು ತಿರುಗಿಸಿಟ್ಟ ಇಸ್ತ್ರಿ ಪೆಟ್ಟಿಗೆಯ ತಳ 200 ಡಿಗ್ರಿಯ ಹತ್ತಿರ ಇರುತ್ತದೆ. ಒಣ ಚರ್ಮ ಇನ್ನೂ ಸ್ವಲ್ಪ ಶಾಖ ತಡೆದೀತು, ಆದರೆ ಸ್ಟೀಮ್ ಇಸ್ತ್ರಿ ಶಾಖವನ್ನೂ ತೇವವನ್ನೂ ಒಟ್ಟಿಗೇ ಒತ್ತುತ್ತದೆ. ಸಾಲದ್ದಕ್ಕೆ ಮೇಲಿನ ಬಣ್ಣದ ಲೇಪ ಮೆದುವಾಗಿ ಸವರಿಹೋಗುತ್ತದೆ, ಹೊಳಪು ಬರುವುದು ಇದರಿಂದಲೇ. ಹದ ಮಾಡುವಾಗ ನಾರಿನೊಳಗೆ ಇಳಿಸಿದ್ದ ಎಣ್ಣೆಯೂ ಕಡಿಮೆಯಾಗಿ ಚರ್ಮ ಗಡುಸಾಗುತ್ತದೆ.

ದಾವಣಗೆರೆ ಹತ್ತಿಯ ಊರು. ಇಲ್ಲಿನ ಇಸ್ತ್ರಿಯವರ ಕೈ ಪಳಗಿರುವುದು ಗಂಜಿ ಹಾಕಿದ ಬಿಳಿ ಅಂಗಿ, ಪಂಚೆಗಳಿಗೆ. ಅದರಲ್ಲಿ ಅವರನ್ನು ಮೀರಿಸುವವರಿಲ್ಲ. ನಮ್ಮ ಬೀದಿಯ ಇಸ್ತ್ರಿಯವರು ಜಾಕೆಟ್ ನೋಡಿದ ಕೂಡಲೇ "ಇದು ನನ್ನ ಕೈಯಲ್ಲಿ ಆಗುವುದಿಲ್ಲ" ಎಂದು ಕೈ ಮುಗಿದಿದ್ದರು. ನನ್ನ ಸಿಟ್ಟು ಗೊತ್ತಿಲ್ಲದವರ ಮೇಲಲ್ಲ, ಗೊತ್ತಿಲ್ಲದ್ದಕ್ಕೆ ದರಪಟ್ಟಿ ತೂಗುಹಾಕಿದವರ ಮೇಲೆ.

ಹಾಗಾದರೆ ಸುಕ್ಕು ಹೋಗುವುದು ಹೇಗೆ? ಬಹುಮಟ್ಟಿಗೆ ತಾನಾಗಿಯೇ. ಕೋಟಿಗೆ ಬಳಸುವ, ಭುಜ ಅಗಲವಾಗಿರುವ ಮರದ ಹ್ಯಾಂಗರಿಗೆ ಜಾಕೆಟ್ ಹಾಕಿ, ಬಿಸಿಲು ಬೀಳದ ಗಾಳಿಯಾಡುವ ಕೋಣೆಯಲ್ಲಿ ಒಂದು ವಾರ ಬಿಡಿ. ತಂತಿಯ ಹ್ಯಾಂಗರ್ ಬೇಡ, ಭುಜದಲ್ಲಿ ಗುಬುಟು ಏಳುತ್ತದೆ. ಆಮೇಲೆ ತೊಟ್ಟುಕೊಂಡು ಓಡಾಡಿ. ಮೈಯ ಬಿಸುಪಿಗೆ ಚರ್ಮ ಸಡಿಲವಾಗುತ್ತದೆ. ಹಟ ಹಿಡಿದ ಗೆರೆ ಉಳಿದರೆ, ಬಿಸಿನೀರಿನ ಸ್ನಾನ ಮುಗಿದ ಮೇಲೆ ಆವಿ ತುಂಬಿದ ಬಚ್ಚಲುಮನೆಯಲ್ಲಿ ನೀರು ಸಿಡಿಯದಷ್ಟು ದೂರಕ್ಕೆ ಹತ್ತು ನಿಮಿಷ ತೂಗುಹಾಕಿ, ಹೊರಗೆ ತಂದು ಅಂಗೈಯಿಂದ ಮೆಲ್ಲಗೆ ನೀವಿ, ನೆರಳಿನಲ್ಲಿ ಆರಲು ಬಿಡಿ. ಕೋಣೆಯ ಆವಿಯ ಬಿಸುಪು ಇಸ್ತ್ರಿ ಪೆಟ್ಟಿಗೆಯದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಚರ್ಮ ಒದ್ದೆಯಾಗಬಾರದು. ಸ್ವೇಡ್, ಅಂದರೆ ಮುಟ್ಟಿದರೆ ಮಖಮಲ್ಲಿನಂತಿರುವ ಚರ್ಮವಾದರೆ ಈ ಆವಿಯೂ ಬೇಡ.

ಕಡಿಮೆ ಶಾಖದಲ್ಲಿ, ನೀರಿಲ್ಲದೆ, ನಡುವೆ ದಪ್ಪ ಬಟ್ಟೆ ಹಾಕಿ ಇಸ್ತ್ರಿ ಮಾಡಬಹುದು ಎಂದು ಹೇಳುವವರಿದ್ದಾರೆ. ಪೆಟ್ಟಿಗೆಯನ್ನು ಒಂದೆಡೆ ನಿಲ್ಲಿಸದೆ ಮಾಡಿದರೆ ಆಗುವುದೂ ಉಂಟು. ನಾನು ಮಾತ್ರ ಮಾಡಿ ಎನ್ನಲಾರೆ. ನಮ್ಮ ಮನೆಗಳ ಇಸ್ತ್ರಿ ಪೆಟ್ಟಿಗೆಗಳ ತಿರುಗಣೆ ತೋರಿಸುವ ಗುರುತಿಗೂ ತಳದ ಬಿಸಿಗೂ ಸಂಬಂಧವಿದೆ ಎಂದು ನನಗೆ ನಂಬಿಕೆಯಿಲ್ಲ. ಕೂದಲು ಒಣಗಿಸುವ ಯಂತ್ರವೂ ಅಷ್ಟೇ, ಹತ್ತಿರ ಹಿಡಿದರೆ ಒಂದೇ ಕಡೆ ಸುಡುತ್ತದೆ.

ಕೊಬ್ಬರಿ ಎಣ್ಣೆ ಹಚ್ಚಿ ಎಂಬ ಸಲಹೆ ನನಗೆ ಮೂರು ಕಡೆಯಿಂದ ಬಂತು, ಒಂದು ನಮ್ಮ ಸೋದರತ್ತೆಯಿಂದ. ಎಣ್ಣೆ ಚರ್ಮದ ಬಣ್ಣವನ್ನು ಅಲ್ಲಲ್ಲಿ ಕಪ್ಪಾಗಿಸುತ್ತದೆ, ಧೂಳು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ ಎಂಬುದು ನಮ್ಮ ಕಡೆಯ ಡಿಸೆಂಬರ್ ಬೆಳಿಗ್ಗೆ ಸೀಸೆ ಹಿಡಿದವರಿಗೆಲ್ಲ ಗೊತ್ತು. ಬೇಕಿದ್ದರೆ ಚರ್ಮಕ್ಕೆಂದೇ ತಯಾರಾದ ಕಂಡಿಷನರನ್ನು ಕಾಲರಿನ ಒಳಗೆ ಕಾಣದ ಜಾಗದಲ್ಲಿ ಹಚ್ಚಿ ನೋಡಿ, ಬಣ್ಣ ಬದಲಾಗದಿದ್ದರೆ ಮುಂದುವರಿಯಿರಿ. ಎತ್ತಿಡುವಾಗ ಮಡಚಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಹಳೆಯ ಹತ್ತಿ ಪಂಚೆಯನ್ನು ಹೊದಿಸಿದರೆ ಸಾಕು.

ಅಂಗಡಿಗೆ ಕೊಡಲೇಬೇಕಾದ ಸಂದರ್ಭ ಬಂದರೆ, ಕೊಡುವ ಮುನ್ನ ಎದುರಿಗೇ ಫೋಟೋ ತೆಗೆಯಿರಿ. ಚೀಟಿಯಲ್ಲಿ "ಚರ್ಮ, ಇಸ್ತ್ರಿ ಕೂಡದು" ಎಂದು ಬರೆಸಿಕೊಳ್ಳಿ. ನನ್ನ ಚೀಟಿಯಲ್ಲಿ ಬರೀ "ಜಾಕೆಟ್ 1" ಎಂದಿತ್ತು. ಅದರ ಹಿಂದೆ "ಹಾನಿಗೆ ಅಂಗಡಿ ಹೊಣೆಯಲ್ಲ" ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ನೋಡಿ ಹೆದರಿ ಸುಮ್ಮನಾಗಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಯ ಕೊರತೆಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ಕೊಡಬಹುದು, ವಕೀಲರೇ ಬೇಕೆಂದಿಲ್ಲ. ಮೊದಲು 1915 ಸಹಾಯವಾಣಿಗೆ ಕರೆ ಮಾಡಿದರೂ ಆಯಿತು. ನಾನು ಅಂಗಡಿಗೆ ಲಿಖಿತ ನೋಟಿಸ್ ಕೊಟ್ಟೆ. ಒಂದು ವರ್ಷ ನನ್ನ ಬಟ್ಟೆಗಳನ್ನೆಲ್ಲ ಉಚಿತವಾಗಿ ಇಸ್ತ್ರಿ ಮಾಡಿಕೊಡುತ್ತೇವೆ ಎಂದು ಉತ್ತರ ಬಂದಿದೆ. ಆಯೋಗಕ್ಕೆ ಕೊಡಬೇಕಾದ ಅರ್ಜಿಯನ್ನು ಬರೆಯುತ್ತಿದ್ದೇನೆ.