ಮುಳ್ಳೋಡಿಯಿಂದ ಕುದುರೆಮುಖ: ನಿಧಾನಕ್ಕೆ ಹತ್ತುವವರಿಗೆ

ಒಂಟಿಮರದ ಹತ್ತಿರ ಬಂದಾಗ ನಮ್ಮ ಗೈಡ್ ನಿಂತರು. 'ಅಕ್ಕ, ಇಲ್ಲಿ ಕೂತು ನೀರು ಕುಡೀರಿ. ಈಗ ಕುಡಿದರೆ ಮೇಲೆ ಹೋದಾಗ ಮೀನಖಂಡ ಹಿಡಿಯಲ್ಲ' ಅಂದರು. ನನಗೆ ಬಾಯಾರಿಕೆಯೇ ಆಗಿರಲಿಲ್ಲ. ಆದರೂ ಕುಡಿದೆ. ಅವತ್ತು ಸಂಜೆ, ಹತ್ತಲು ಶುರು ಮಾಡಿದ ಮುಳ್ಳೋಡಿ ಹಳ್ಳಿಗೆ ವಾಪಸ್ ಬರುವ ತನಕ ನನ್ನ ಕಾಲು ಒಂದು ಸಲವೂ ಹಿಡಿಯಲಿಲ್ಲ.

ನಾನು ಹಾಸನದವಳು, ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ವಯಸ್ಸು ಐವತ್ತನಾಲ್ಕು. ಬಲಗಾಲಿನ ಮಂಡಿ ಆಗಾಗ ನೋಯುತ್ತೆ. ಕುದುರೆಮುಖ ಹತ್ತಿ ಬಂದೆ ಅಂದ ಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: ನಮ್ಮ ಕೈಲಿ ಆಗುತ್ತಾ? ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಆಗುತ್ತೆ. ಆದರೆ ಬೆಳಿಗ್ಗೆ ಬೇಗ ಹೊರಡಬೇಕು, ಗೈಡ್ ಹೇಳಿದ್ದು ಕೇಳಬೇಕು.

ಅಕ್ಟೋಬರ್ ಕೊನೆಯಲ್ಲಿ ಹೋಗಿದ್ದೆವು. ನಾನು, ಬೇಲೂರಿನ ನನ್ನ ತಂಗಿ, ಅವಳ ಮಗ. ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಕಳಸದ ಮೇಲೆ ಸಂಸೆ ಕಡೆಗೆ ಹೋದೆವು. ರಾತ್ರಿ ಅಲ್ಲೇ ಒಂದು ಹೋಂಸ್ಟೇಯಲ್ಲಿ ಉಳಿದೆವು. ಅದರ ಹೆಸರು ಬೇಡ. ಬೆಳಿಗ್ಗೆ ಐದೂವರೆಗೆ ತಿಂಡಿ, ಮಧ್ಯಾಹ್ನಕ್ಕೆ ಬುತ್ತಿ ಎರಡೂ ರೆಡಿ ಇರುತ್ತೆ ಅಂದಿದ್ದರು. ಎದ್ದು ನೋಡಿದರೆ ಒಲೆ ಹಚ್ಚಿರಲಿಲ್ಲ. ಬುತ್ತಿ ಕೈಗೆ ಬಂದಾಗ ಏಳು ಕಾಲು. ಬೆಟ್ಟ ಹತ್ತುವವರಿಗೆ ಬೆಳಗಿನ ಹೊತ್ತು ಒಂದೂಮುಕ್ಕಾಲು ಗಂಟೆ ಹೋಯಿತು ಅಂದರೆ ಸುಮ್ನೆ ಮಾತಲ್ಲ. ಸಂಜೆಯೊಳಗೆ ಕಾಡಿನಿಂದ ಹೊರಗೆ ಬರಲೇಬೇಕು, ಅದು ನಿಯಮ. ಬೆಳಿಗ್ಗೆ ಕಳೆದ ಹೊತ್ತನ್ನು ಇಳಿಯುವಾಗ ಓಡಿ ತುಂಬಿಸಬೇಕಾಗುತ್ತೆ, ಜಾರಿ ಬೀಳುವುದೂ ಆಗಲೇ. ನೀವು ಉಳಿಯುವ ಕಡೆ ಹಿಂದಿನ ರಾತ್ರಿಯೇ ಅಡುಗೆ ಮಾಡುವವರ ಹತ್ತಿರ ನೇರವಾಗಿ ಮಾತಾಡಿ. ಬರೀ ಬುಕಿಂಗ್ ಮಾಡಿಕೊಂಡವರ ಮಾತು ನಂಬಿ ಮಲಗಬೇಡಿ.

ಬಾಳೆಗಲ್ ಕಡೆಯಿಂದ ಮುಳ್ಳೋಡಿಗೆ ಜೀಪಿನಲ್ಲಿ ಹೋಗಬೇಕು. ನಮ್ಮ ಕಾರು ಅಲ್ಲಿ ಹತ್ತಲ್ಲ. ಕಲ್ಲು, ಗುಂಡಿ, ನಡುವೆ ನೀರು. ನಡೆದೂ ಹೋಗಬಹುದು, ಆದರೆ ಆ ಶಕ್ತಿಯನ್ನು ಮುಂದಿನ ದಾರಿಗೆ ಉಳಿಸಿಕೊಳ್ಳುವುದೇ ಮೇಲು. ಮುಳ್ಳೋಡಿಯಿಂದ ತುದಿಗೆ ಹೋಗಿ ಬರಲು ಸುಮಾರು 20 ಕಿಲೋಮೀಟರ್. ತುದಿಯ ಎತ್ತರ 1894 ಮೀಟರ್.

ಟಿಕೆಟ್ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ವೆಬ್‌ಸೈಟಿನಲ್ಲೇ ಮೊದಲು ಮಾಡಿಸಬೇಕು. ದಿನಕ್ಕೆ 300 ಜನಕ್ಕೆ ಮಾತ್ರ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಜನ ಒಟ್ಟಿಗೆ ನುಗ್ಗಿದ್ದು ನೆನಪಿರಬಹುದು ಅಲ್ವಾ? ಅದಾದ ಮೇಲೆ ಈ ಕಟ್ಟುನಿಟ್ಟು ಬಂತು. ಕೆಲವರು ಇದಕ್ಕೆ ಗೊಣಗುತ್ತಾರೆ. ನನಗಂತೂ ಒಳ್ಳೆಯದೇ ಅನಿಸಿತು. ಇಲ್ಲಿನ ಕಾಲುದಾರಿ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲ. ಜನ ಜಾಸ್ತಿಯಾದರೆ ಪಕ್ಕದ ಹುಲ್ಲನ್ನು ತುಳಿದು ಇನ್ನೊಂದು ದಾರಿ ಮಾಡುತ್ತಾರೆ. ಮಳೆ ಬಂದಾಗ ಆ ದಾರಿಯೇ ಕಾಲುವೆಯಾಗಿ ಮಣ್ಣು ಕೊಚ್ಚಿಕೊಂಡು ಹೋಗುತ್ತೆ. ಅಂಥ ಎರಡು ಕಡೆ ಕಣ್ಣಾರೆ ನೋಡಿದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುತ್ತಾರೆ, ತಾರೀಕು ನೋಡಿಕೊಂಡು ಹೊರಡಿ.

ಇನ್ನು ಗೈಡ್ ವಿಷಯ. ಅವರನ್ನು ಕರೆದುಕೊಂಡೇ ಹೋಗಬೇಕು. ದಾರಿ ಸ್ಪಷ್ಟವಾಗಿದೆಯಲ್ಲ, ಇವರು ಯಾಕೆ ಅಂತ ತಂಗಿಯ ಮಗ ಮೊದಲು ಕೇಳಿದ್ದ. ಮಂಜು ಇಳಿದಾಗ ಅವನಿಗೇ ಗೊತ್ತಾಯಿತು. ಹತ್ತು ಹೆಜ್ಜೆ ಮುಂದಿದ್ದ ತಂಗಿ ಕಾಣಲಿಲ್ಲ, ಅವಳ ಬಳೆ ಸದ್ದು ಮಾತ್ರ ಕೇಳುತ್ತಿತ್ತು. ಗೈಡ್ ಮಾತ್ರ ನಿಲ್ಲದೆ ನಡೆದರು, ಒಂದೊಂದು ಕಲ್ಲಿನ ಹತ್ತಿರವೂ 'ಇಲ್ಲಿ ಎಡಗಾಲು' 'ಇಲ್ಲಿ ಜಾರುತ್ತೆ' ಅಂತ ಹೇಳುತ್ತಾ.

ಅವರು ಅಲ್ಲೇ ಸುತ್ತಲಿನ ಊರಿನವರು. ಕಾಲಲ್ಲಿ ಪ್ಲಾಸ್ಟಿಕ್ ಚಪ್ಪಲಿ, ಹೆಗಲಲ್ಲಿ ಒಂದು ಕತ್ತಿ, ಜೇಬಲ್ಲಿ ಸಣ್ಣ ಡಬ್ಬಿ. ಡಬ್ಬಿಯಲ್ಲಿ ಕೊಬ್ಬರಿ ಎಣ್ಣೆಗೆ ನಶ್ಯ ಕಲಸಿ ಇಟ್ಟುಕೊಂಡಿದ್ದರು, ಇಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ. ನಾವು ಹಾಸನದಿಂದ ಒಂದು ಪೊಟ್ಟಣ ಉಪ್ಪು ಹೊತ್ತುಕೊಂಡು ಹೋಗಿದ್ದೆವು. ಮೊದಲ ಹಳ್ಳ ದಾಟಿದಾಗಲೇ ಉಪ್ಪು ನೀರಾಯಿತು. ಎಣ್ಣೆ ಮಾತ್ರ ಮಧ್ಯಾಹ್ನದ ತನಕ ನಿಂತಿತ್ತು. ಇಂಬಳವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅವತ್ತೇ. ಒಂದು ಎಲೆಯ ತುದಿಯಲ್ಲಿ ನಿಂತು ಗಾಳಿಯಲ್ಲಿ ಮೂಗು ಆಡಿಸುತ್ತಿತ್ತು. ನನ್ನ ಶೂಗೆ ದಾಟಿದ್ದೇ ತಡ, ಗೇಣು ಹಾಕಿ ಬಟ್ಟೆ ಅಳೆಯುವವರ ಹಾಗೆ ಬಾಗಿ ಬಾಗಿ ಮೇಲಕ್ಕೆ ಬಂತು. ಎಣ್ಣೆ ಹಚ್ಚಿದ ಕಾಲುಚೀಲ ಮುಟ್ಟಿದ ಕೂಡಲೇ ಉಂಡೆಯಾಗಿ ಬಿದ್ದುಹೋಯಿತು. ಕಚ್ಚಿದ್ದನ್ನು ಕಿತ್ತು ಎಳೆಯಬೇಡಿ. ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿರುತ್ತೆ, ಸ್ವಲ್ಪ ಹೊತ್ತು ಸೋರುತ್ತೆ, ಹೆದರಬೇಕಿಲ್ಲ.

ದಾರಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ತುದಿಯಲ್ಲ, ನಡುವಿನ ಭಾಗ. ಶೋಲಾ, ಅಂದರೆ ಗುಡ್ಡದ ಮಡಿಕೆಯಲ್ಲಿ ಬೆಳೆಯುವ ಕಾಡು, ಅದರೊಳಗೆ ಹತ್ತು ನಿಮಿಷ ನಡೆಯುತ್ತೀರಿ. ಕತ್ತಲೆ, ತಂಪು, ಎಲ್ಲೋ ಸಿಳ್ಳಾರ ಹಕ್ಕಿ ಹುಡುಗರ ಹಾಗೆ ಸಿಳ್ಳೆ ಹಾಕುತ್ತಿರುತ್ತೆ. ಹೊರಗೆ ಕಾಲಿಟ್ಟ ಕೂಡಲೇ ಬರೀ ಹುಲ್ಲು, ಆಕಾಶ, ಗಾಳಿ. ಮತ್ತೆ ಇನ್ನೊಂದು ಮಡಿಕೆಯಲ್ಲಿ ಕಾಡು. ಗುಡ್ಡದ ಸಂದಿಯಲ್ಲಿ ಮಣ್ಣು ಆಳ, ಗಾಳಿ ಕಡಿಮೆ, ಅಲ್ಲಿ ಮರ ನಿಲ್ಲುತ್ತೆ. ಗಾಳಿ ಹೊಡೆಯುವ ಬೆನ್ನಿನ ಮೇಲೆ ಹುಲ್ಲೇ ಗತಿ. ಇದನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಅಲ್ಲಿ ನಿಂತಾಗ ಅದು ಮೈಗೇ ತಿಳಿಯಿತು.

ಒಂದು ಬಂಡೆಯ ಹತ್ತಿರ ಗೈಡ್ ನನ್ನನ್ನು ಕರೆದರು. 'ಅಕ್ಕ, ಈ ಪಾಚಿ ಮೇಲೆ ಬೆರಳು ಇಡಿ, ಒತ್ತಬೇಡಿ ಜಾಸ್ತಿ' ಅಂದರು. ಇಟ್ಟೆ. ಬೆರಳಿನ ಸುತ್ತ ನೀರು ಎದ್ದು ಬಂತು, ತಣ್ಣಗೆ. ಬೆರಳು ತೆಗೆದ ಕೂಡಲೇ ಒಳಗೆ ಇಳಿಯಿತು. ಅದರ ಕೆಳಗೆ ಬಂಡೆ ಬಿರುಕಿನಿಂದ ಒಂದೊಂದೇ ಹನಿ ಬೀಳುತ್ತಿತ್ತು. ಮಳೆ ನಿಂತು ನಾಲ್ಕು ದಿನ ಆಗಿತ್ತಂತೆ. ಇಡೀ ಗುಡ್ಡವೇ ಒದ್ದೆ ಕಂಬಳಿ ಹಾಗೆ, ಮಳೆ ಬಿಟ್ಟ ಮೇಲೂ ತೊಟ್ಟಿಕ್ಕುತ್ತಲೇ ಇರುತ್ತೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಈ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗುಡ್ಡಗಳಲ್ಲೇ. ನಮ್ಮ ಗೊರೂರು ಡ್ಯಾಮ್ ತುಂಬಿಸುವ ಹೇಮಾವತಿಯೂ ಇಂಥದ್ದೇ ಗುಡ್ಡದಲ್ಲಿ, ಮೂಡಿಗೆರೆಯ ಬಲ್ಲಾಳರಾಯನ ದುರ್ಗದ ಹತ್ತಿರ ಹುಟ್ಟುವುದು. ಹಾಸನದ ನಲ್ಲಿಯಲ್ಲಿ ದಿನಾ ನೀರು ಹಿಡಿಯುವ ನಾನು ಆ ಬಂಡೆಯ ಮುಂದೆ ಸುಮಾರು ಹೊತ್ತು ಕೂತಿದ್ದೆ.

ಇದೇ ಸೀಮೆಯಲ್ಲಿ ಕಬ್ಬಿಣದ ಅದಿರಿನ ಗಣಿಯೂ ಇತ್ತು. ಅದಿರನ್ನು ಪುಡಿ ಮಾಡಿ ನೀರಿಗೆ ಕಲಸಿ ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಆಮೇಲೂ ಗಣಿ ನಡೆದು, ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ನಿಂತಿತು. ನಮ್ಮ ಗೈಡ್ ಅದನ್ನು ಹೇಳುವಾಗ ಎರಡೂ ಹೇಳಿದರು: ಕೆಲಸ ಹೋದವರ ಕಷ್ಟ, ಹಳ್ಳದ ನೀರು ತಿಳಿಯಾದ ಸಂತೋಷ.

ಕೊನೆಯ ಏರು ಕಷ್ಟ. ನೀರು ಕೊರೆದ ಕಲ್ಲಿನ ದಾರಿ, ಕೈ ಊರಿ ಹತ್ತಬೇಕು. ಗೈಡ್ ಕಡಿದುಕೊಟ್ಟ ಬಿದಿರಿನ ಕೋಲು ನನ್ನನ್ನು ಕಾಪಾಡಿತು. ತುದಿಯ ಹತ್ತಿರ ಹಳೆಯ ಚರ್ಚಿನ ಗೋಡೆಗಳು ನಿಂತಿವೆ. ಅಲ್ಲೇ ಗಾಳಿ ಮರೆಯಲ್ಲಿ ಕೂತು ಪುಳಿಯೋಗರೆ ಬಿಚ್ಚಿದೆವು. ಗೈಡ್ ತಮ್ಮ ಬುತ್ತಿಯಿಂದ ಮಾವಿನಮಿಡಿ ಉಪ್ಪಿನಕಾಯಿ ಕೊಟ್ಟರು. ತುದಿಯಲ್ಲಿ ನಮಗೆ ಸಿಕ್ಕಿದ್ದು ಬರೀ ಮಂಜು. ಒಂದೇ ಒಂದು ನಿಮಿಷ ಅದು ಸರಿದು ಪಶ್ಚಿಮದ ಪ್ರಪಾತ ಕಂಡಿತು, ಮತ್ತೆ ಮುಚ್ಚಿತು.

ಇಳಿಯುವಾಗ ಮಂಡಿಗೆ ಹೊರೆ ಜಾಸ್ತಿ. ಇಳಿಜಾರಿನಲ್ಲಿ ನೇರ ಇಳಿಯದೆ ಪಾದ ಸ್ವಲ್ಪ ಅಡ್ಡ ಇಡಿ ಅಂತ ಗೈಡ್ ತೋರಿಸಿಕೊಟ್ಟರು. ಛತ್ರಿ ಒಯ್ಯಬೇಡಿ, ಗಾಳಿಗೆ ಮುರಿಯುತ್ತೆ. ರೈನ್‌ಕೋಟ್ ಸಾಕು.

ಇಷ್ಟು ದೂರ ಬೇಡ ಅನ್ನುವವರಿಗೆ ಮೂಡಿಗೆರೆ ಕಡೆಯ ಭೈರಾಪುರದ ಎತ್ತಿನ ಭುಜ ಬೆಟ್ಟ ಇದೆ. ಮಕ್ಕಳನ್ನೂ ಕರೆದೊಯ್ಯಬಹುದು, ಕೊನೆಯ ಬಂಡೆ ಮಾತ್ರ ಕಡಿದು. ಮುಳ್ಳಯ್ಯನಗಿರಿ 1930 ಮೀಟರ್, ರಾಜ್ಯದಲ್ಲೇ ಎತ್ತರ. ಅಲ್ಲಿ ಕಾರಿನಲ್ಲಿ ಹೋಗಿ ಮೆಟ್ಟಿಲು ಹತ್ತುವ ಬದಲು ಸರ್ಪದಾರಿ ಅನ್ನುವ ಕಾಲುದಾರಿಯಲ್ಲಿ ನಡೆಯಿರಿ. ನೆರಳಿಲ್ಲ, ಬೆಳಿಗ್ಗೆ ಆರಕ್ಕೇ ಶುರು ಮಾಡಿದರೆ ಚೆಂದ. ಭಾನುವಾರ ಬೇಡ. ಎರಡನ್ನೂ ಮೊದಲು ಮುಗಿಸಿ, ಕಾಲು ಪಳಗಿದ ಮೇಲೆ ಕುದುರೆಮುಖಕ್ಕೆ ಬನ್ನಿ.

ಗೈಡ್‌ಗೆ ಕೊಟ್ಟ ದುಡ್ಡು ನನಗೆ ಒಂಚೂರೂ ಜಾಸ್ತಿ ಅನಿಸಲಿಲ್ಲ. ಜೀಪು ಹತ್ತುವಾಗ ಬಿದಿರಿನ ಕೋಲನ್ನು ಅವರಿಗೇ ವಾಪಸ್ ಕೊಡಲು ಹೋದೆ. 'ಇಟ್ಕೊಳ್ಳಿ ಅಕ್ಕ, ಮುಂದಿನ ವರ್ಷ ತನ್ನಿ' ಅಂದರು. ಈಗ ಅದು ನಮ್ಮ ಮನೆ ಬಾಗಿಲ ಹಿಂದೆ ಇದೆ. ತುದಿಯಲ್ಲಿ ಅಂಟಿದ ಕೆಂಪು ಮಣ್ಣನ್ನು ನಾನಿನ್ನೂ ತೊಳೆದಿಲ್ಲ.