ಟ್ರಾನ್ಸ್‌ಫರ್ ಕೇಸ್ ಸಡಿಲವಾದರೆ ಯಾವ ಬೋಲ್ಟ್ ಕೊಳ್ಳಬೇಕು, ಯಾವುದನ್ನು ಬಿಡಬೇಕು

ಫೋರ್‌ವೀಲ್ ಡ್ರೈವ್ ಪಿಕಪ್‌ನಲ್ಲಿ ಗೇರ್‌ಬಾಕ್ಸ್ ಹಿಂಬದಿಯ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಭಾಗ) ಸಡಿಲವಾದರೆ ಮೊದಲು ಗೊತ್ತಾಗುವುದು ಎಣ್ಣೆಯಿಂದ. ಎರಡರ ಹೌಸಿಂಗ್‌ಗಳು, ಅಂದರೆ ಹೊರಕವಚಗಳು, ಸೇರುವ ಜಾಗದಲ್ಲಿ ಸುತ್ತಲೂ ಒದ್ದೆ ಗೆರೆ ಮೂಡಿ, ಅದರ ಮೇಲೆ ಧೂಳು ಕಚ್ಚಿಕೊಳ್ಳುತ್ತದೆ. ಆಮೇಲೆ ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಅಡಿಯಿಂದ ‘ಟಕ್’ ಎಂಬ ಸದ್ದು. ಇಷ್ಟಾದರೂ ಓಡಿಸುತ್ತಲೇ ಇದ್ದರೆ ಉಳಿದ ಬೋಲ್ಟ್‌ಗಳ ಮೇಲೆ ಭಾರ ಬಿದ್ದು ಒಂದೊಂದಾಗಿ ಉದುರುತ್ತವೆ. ಕೊನೆಗೆ ಎರಡನ್ನೂ ಜೋಡಿಸುವ ಅಡಾಪ್ಟರ್ ಹೌಸಿಂಗ್‌ನ ಕಿವಿ (ಬೋಲ್ಟ್ ಕೂರುವ ಚಾಚು) ಬಿರುಕು ಬಿಡುತ್ತದೆ. ಬೋಲ್ಟ್‌ಗೆ ಹೋಲಿಸಿದರೆ ಹೌಸಿಂಗ್ ಎಷ್ಟೋ ಪಟ್ಟು ದುಬಾರಿ. ಆದ್ದರಿಂದ ಈ ರಿಪೇರಿಗೆ ಸಿಗುವ ಸಾಮಾನುಗಳಲ್ಲಿ ಯಾವುದು ಉಪಯೋಗಕ್ಕೆ ಬರುತ್ತದೆ ಎಂದು ಮೊದಲೇ ತಿಳಿದಿರುವುದು ಒಳ್ಳೆಯದು.

ಮೊದಲ ಆಯ್ಕೆ ವಾಹನ ಕಂಪನಿಯದೇ ಬೋಲ್ಟ್ ಅಥವಾ ಸ್ಟಡ್ (ತಲೆಯಿಲ್ಲದ ಬೋಲ್ಟ್). ಉದ್ದ, ಪಿಚ್ (ಥ್ರೆಡ್‌ನ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ಅಂತರ), ತಲೆಯ ಅಳತೆ, ಲೇಪನ ಯಾವುದರಲ್ಲೂ ಅನುಮಾನಕ್ಕೆ ಎಡೆಯಿಲ್ಲ. ಕೆಲವು ಬೋಲ್ಟ್‌ಗಳ ಥ್ರೆಡ್ ಮೇಲೆ ಲಾಕಿಂಗ್ ಅಂಟು ಮೊದಲೇ ಹಚ್ಚಿರುತ್ತದೆ. ಅಂಥ ಬೋಲ್ಟ್ ಬಿಚ್ಚಿದ ಮೇಲೆ ಹಳೆಯದನ್ನೇ ಹಾಗೆಯೇ ಮತ್ತೆ ಹಾಕಬಾರದು. ತೊಂದರೆಯೆಂದರೆ, ಹಳೆಯ ಪಿಕಪ್‌ಗಳಿಗೆ ಈ ಬೋಲ್ಟ್ ಬಿಡಿಯಾಗಿ ಸಿಗುವುದೇ ಕಷ್ಟ.

ಸಿಗದಿದ್ದರೆ ಹೈ ಟೆನ್ಸೈಲ್ ಬೋಲ್ಟ್‌ಗಳನ್ನೇ ಮಾರುವ ಅಂಗಡಿಯಲ್ಲಿ ಫ್ಲಾಂಜ್ ಬೋಲ್ಟ್ (ತಲೆಯ ಅಡಿಯಲ್ಲಿ ಅಗಲ ಅಂಚಿರುವುದು) ಕೇಳಿ. ಬಹುತೇಕರು ಎಡವುವುದು ಅಲ್ಲಿಯೇ. ಅನೇಕ ಪಿಕಪ್‌ಗಳಲ್ಲಿ ಇರುವುದು ಎಂ10 (10 ಮಿಲಿಮೀಟರ್ ವ್ಯಾಸದ) ಅಥವಾ 3/8 ಇಂಚಿನ ಬೋಲ್ಟ್. ಎಂ10ರಲ್ಲೇ 1.5 ಮಿಲಿಮೀಟರ್ ಪಿಚ್ ಒಂದು, ಜಪಾನಿ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವ 1.25 ಇನ್ನೊಂದು. 3/8-16 (ಇಂಚಿಗೆ 16 ಥ್ರೆಡ್) ಬೋಲ್ಟ್‌ನ ವ್ಯಾಸ 9.525 ಮಿಲಿಮೀಟರ್, ಪಿಚ್ ಸುಮಾರು 1.59. ಅದನ್ನು ಎಂ10×1.5 ತೂತಿಗೆ ಹಾಕಿದರೆ ಕೆಲವು ಸುತ್ತು ಆರಾಮಾಗಿ ಒಳಗೆ ಹೋಗುತ್ತದೆ. ಕೂತಿತು ಅಂದುಕೊಂಡು ಬಿಗಿ ಮಾಡಿದಾಗ ಅಲ್ಯೂಮಿನಿಯಂ ಥ್ರೆಡ್ ಪುಡಿಯಾಗಿ ಹೊರಬರುತ್ತದೆ. ಕೈಯಲ್ಲಿ ತಿರುಗಿತು ಎಂಬುದೊಂದನ್ನೇ ನಂಬಬೇಡಿ. ಪಿಚ್ ಗೇಜ್ ಇಟ್ಟು ನೋಡಿ. ತಲೆಯ ಅಳತೆಯನ್ನೂ ಗುರುತಿಗೆ ಇಟ್ಟುಕೊಳ್ಳಬೇಡಿ. ಒಂದೇ ಎಂ10 ಬೋಲ್ಟ್‌ಗೆ ಬೇರೆ ಬೇರೆ ಮಾನಕಗಳಲ್ಲಿ 14, 15, 16, 17ರ ಸ್ಪ್ಯಾನರ್ ಬೇಕಾಗುತ್ತದೆ.

ಬೋಲ್ಟ್‌ನ ಶಕ್ತಿಯ ದರ್ಜೆ 8.8 ಸಾಕೇ, 10.9 ಬೇಕೇ ಎಂಬ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರ ಹೇಳಬಹುದು. ಎಂ10×1.5 ಬೋಲ್ಟ್ ಅನ್ನು 45 ನ್ಯೂಟನ್ ಮೀಟರ್‌ಗೆ ಬಿಗಿದರೆ ಒಣ ಥ್ರೆಡ್‌ನಲ್ಲಿ ಸುಮಾರು 22 ಕಿಲೋನ್ಯೂಟನ್ ಹಿಡಿತ ಬರುತ್ತದೆ. 8.8 ಬೋಲ್ಟ್ ಶಾಶ್ವತವಾಗಿ ಹಿಗ್ಗದೆ ತಾಳುವ ಭಾರ 33 ಕಿಲೋನ್ಯೂಟನ್‌ಗಿಂತ ಹೆಚ್ಚು. ಅಂದರೆ 8.8 ಧಾರಾಳವಾಗಿ ಸಾಕು. 10.9 ಹಾಕಿದರೆ ತಪ್ಪಿಲ್ಲ, ಆದರೆ ‘ಗಟ್ಟಿ ಬೋಲ್ಟ್’ ಎಂದು 65–70 ನ್ಯೂಟನ್ ಮೀಟರ್‌ಗೆ ಎಳೆಯಲು ಹೋಗಬೇಡಿ. ಇಲ್ಲಿ ದುರ್ಬಲವಾಗಿರುವುದು ಅಲ್ಯೂಮಿನಿಯಂ ಹೌಸಿಂಗ್. ಹಲವು ಪಿಕಪ್‌ಗಳ ಮ್ಯಾನ್ಯುಯಲ್ 35ರಿಂದ 50ರ ಆಸುಪಾಸಿನ ಅಂಕಿ ಕೊಡುತ್ತದೆ. ನಿಮ್ಮ ಮಾದರಿಗೆ ಏನು ಹೇಳಿದೆಯೋ ಅದೇ ಕೊನೆಯ ಮಾತು. 12.9 ಬೇಡವೇ ಬೇಡ. ಅಷ್ಟು ಗಡಸಾದ ಉಕ್ಕಿಗೆ ವಿದ್ಯುತ್ ಲೇಪನದ ಸತು ಹಾಕಿದ್ದರೆ ಹೈಡ್ರೋಜನ್ ಸೇರಿ, ಬಿಗಿದ ಕೆಲವು ಗಂಟೆ ಅಥವಾ ದಿನಗಳ ನಂತರ ತಾನಾಗಿ ಮುರಿಯುವ ಅಪಾಯವಿದೆ. ಕೊಳ್ಳುವಾಗ ತಲೆಯ ಮೇಲೆ ದರ್ಜೆಯ ಅಂಕಿಯ ಜೊತೆಗೆ ತಯಾರಕರ ಗುರುತೂ ಇರಬೇಕು. ಬರೀ ಅಂಕಿ ಇದ್ದರೆ ಬಿಟ್ಟುಬಿಡಿ.

ಬಗೆಬಗೆಯ ಬೋಲ್ಟ್ ತುಂಬಿದ ಡಬ್ಬಿಗಳನ್ನು ಈ ಕೆಲಸಕ್ಕೆ ಶಿಫಾರಸು ಮಾಡಲಾರೆವು. ಇನ್ನೂರು ತುಣುಕಿನ ಡಬ್ಬಿಯಲ್ಲೂ ಒಂದೇ ಉದ್ದದ ಆರು ಎಂ10 ಸಿಗುವುದು ಅಪರೂಪ, ಎಷ್ಟೋ ತಲೆಗಳ ಮೇಲೆ ಗುರುತೇ ಇರುವುದಿಲ್ಲ. ತುಕ್ಕು ಹಿಡಿಯುವುದಿಲ್ಲ ಎಂದು ಸ್ಟೇನ್‌ಲೆಸ್ ಹುಡುಕುವವರಿದ್ದಾರೆ. ಎ2-70 ಸ್ಟೇನ್‌ಲೆಸ್ ಸುಮಾರು 450 ಮೆಗಾಪ್ಯಾಸ್ಕಲ್‌ಗೇ ಹಿಗ್ಗತೊಡಗುತ್ತದೆ, 8.8 ಉಕ್ಕು 640ರವರೆಗೆ ತಾಳುತ್ತದೆ. ಮೇಲಾಗಿ ಅಲ್ಯೂಮಿನಿಯಂ ಪಕ್ಕದಲ್ಲಿ ಸ್ಟೇನ್‌ಲೆಸ್ ಇದ್ದು ನೀರು ಸೇರಿದರೆ ಕೊರೆದುಹೋಗುವುದು ಹೌಸಿಂಗ್.

ಉದ್ದ ಅಳೆಯುವ ಕ್ರಮ ಹೀಗೆ. ವರ್ನಿಯರ್‌ನ ಆಳದ ಕಡ್ಡಿ ಇಳಿಸಿ ತೂತಿನಲ್ಲಿ ಥ್ರೆಡ್ ಇರುವಷ್ಟು ಆಳ ನೋಡಿ, ಟ್ರಾನ್ಸ್‌ಫರ್ ಕೇಸ್ ಕಡೆಯ ಫ್ಲಾಂಜ್‌ನ (ಬೋಲ್ಟ್ ಹಾದುಹೋಗುವ ಅಂಚಿನ) ದಪ್ಪ ಸೇರಿಸಿ, ಅದರಿಂದ 2–3 ಮಿಲಿಮೀಟರ್ ಕಳೆಯಿರಿ. ಅಲ್ಯೂಮಿನಿಯಂನಲ್ಲಿ ಥ್ರೆಡ್ ಕನಿಷ್ಠ ವ್ಯಾಸದ ಒಂದೂವರೆ ಪಟ್ಟು, ಅಂದರೆ ಎಂ10ಕ್ಕೆ 15 ಮಿಲಿಮೀಟರ್ ಹಿಡಿಯಬೇಕು. 20 ಇದ್ದರೆ ಇನ್ನೂ ಒಳ್ಳೆಯದು. ಬೋಲ್ಟ್ ಉದ್ದವಾದರೆ ತುದಿ ತಳಕ್ಕೆ ತಾಗಿ ನಿಲ್ಲುತ್ತದೆ. ಟಾರ್ಕ್ ರೆಂಚ್ (ನಿಗದಿತ ಬಿಗಿತಕ್ಕೆ ಬಂದಾಗ ತಿಳಿಸುವ ಸ್ಪ್ಯಾನರ್) ‘ಕ್ಲಿಕ್’ ಅನ್ನುತ್ತದೆ, ಹೌಸಿಂಗ್ ಮಾತ್ರ ಬಿಗಿಯಾಗಿರುವುದೇ ಇಲ್ಲ. ಹೊಸ ಬೋಲ್ಟ್ ಹಾಕಿದ ಮೇಲೂ ಮತ್ತೆ ಸಡಿಲವಾಗುವುದಕ್ಕೆ ಇದು ದೊಡ್ಡ ಕಾರಣ. ಹಾಗೆಯೇ ತಳಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟ್ ಅದನ್ನು ಒತ್ತಿ ಹೌಸಿಂಗ್ ಸೀಳಬಹುದು. ಬ್ರೇಕ್ ಕ್ಲೀನರ್ ಹೊಡೆದು, ಗಾಳಿ ಊದಿ ಒಣಗಿಸಲೇಬೇಕು; ಕಣ್ಣಿಗೆ ಕನ್ನಡಕ ಇರಲಿ.

ಇನ್ನು ಲಾಕ್ ಮಾಡುವ ಸಾಮಾನು. ಸ್ಪ್ರಿಂಗ್ ವಾಷರ್‌ಗೆ ಇಲ್ಲಿ ಜಾಗವಿಲ್ಲ. 1969ರಲ್ಲಿ ಜರ್ಮನ್ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ ತೋರಿಸಿಕೊಟ್ಟಂತೆ, ಬೋಲ್ಟ್ ಬಿಚ್ಚಿಕೊಳ್ಳುವುದು ಮುಖ್ಯವಾಗಿ ಜೋಡಣೆ ಅಡ್ಡಡ್ಡ ಜಾರುವುದರಿಂದ. ಪೂರ್ತಿ ಚಪ್ಪಟೆಯಾದ ಸ್ಪ್ರಿಂಗ್ ವಾಷರ್ ಆ ಜಾರುವಿಕೆಯನ್ನು ತಡೆಯಲಾರದು. ನಾರ್ಡ್-ಲಾಕ್ ಮಾದರಿಯ ಬೆಣೆ ವಾಷರ್ ಜೋಡಿ ನಿಜವಾಗಿ ಕೆಲಸ ಮಾಡುತ್ತದೆ. ಒಳಗಿನ ಇಳಿಜಾರು ಥ್ರೆಡ್‌ನ ಇಳಿಜಾರಿಗಿಂತ ಕಡಿದಾಗಿರುವುದರಿಂದ, ಬೋಲ್ಟ್ ಹಿಂದೆ ತಿರುಗಲು ಹೋದಷ್ಟೂ ಹಿಡಿತ ಹೆಚ್ಚುತ್ತದೆ. ಅಲ್ಯೂಮಿನಿಯಂ ಮೇಲೆ ಅಗಲ ಹೊರವ್ಯಾಸದ ಜೋಡಿಯನ್ನೇ ತನ್ನಿ, ಕೆಳಗೆ ಇನ್ನೊಂದು ಸಾದಾ ವಾಷರ್ ಇಡಬೇಡಿ. ಜೋಡಿಯ ದಪ್ಪ ಸುಮಾರು 2.5 ಮಿಲಿಮೀಟರ್, ಅಷ್ಟನ್ನು ಬೋಲ್ಟ್ ಉದ್ದಕ್ಕೆ ಸೇರಿಸಬೇಕು. ಇಕ್ಕಟ್ಟಾದ ಕಡೆ ಇದು ಕೂರುವುದೇ ಇಲ್ಲ.

ಹಾಗಾಗಿ ಹೆಚ್ಚಿನ ಗಾಡಿಗಳಿಗೆ ನಮ್ಮ ಆಯ್ಕೆ ಮಧ್ಯಮ ಶಕ್ತಿಯ ನೀಲಿ ಥ್ರೆಡ್ ಅಂಟು ಲಾಕ್‌ಟೈಟ್ 243. ಸ್ವಲ್ಪ ಎಣ್ಣೆಯ ಪಸೆ ಉಳಿದಿದ್ದರೂ ಕಚ್ಚುತ್ತದೆ, 180 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ, ಕೈ ಸ್ಪ್ಯಾನರ್‌ನಲ್ಲೇ ಬಿಚ್ಚಲು ಬರುತ್ತದೆ. ತಳಮುಚ್ಚಿದ ತೂತಾದರೆ ಕೆಲವು ಹನಿ ಥ್ರೆಡ್‌ನ ಒಳಭಾಗಕ್ಕೇ ಬಿಡಿ. ಬರೀ ಬೋಲ್ಟ್‌ಗೆ ಹಚ್ಚಿದರೆ ಒಳಗಿನ ಗಾಳಿ ಅದನ್ನು ಹೊರಗೆ ತಳ್ಳುತ್ತದೆ. ಪೂರ್ತಿ ಗಟ್ಟಿಯಾಗಲು 24 ಗಂಟೆ ಕೊಡಿ. ಕೆಂಪು 271 ಬೇಡ. ಅದನ್ನು ಬಿಚ್ಚಲು ಚೆನ್ನಾಗಿ ಕಾಯಿಸಬೇಕು, ಪಕ್ಕದಲ್ಲೇ ಇರುವ ಆಯಿಲ್ ಸೀಲ್ ಆ ಬಿಸಿಗೆ ಹಾಳಾಗಬಹುದು.

ಕೂರಿಸುವ ಮೊದಲು ಗೇರ್‌ಬಾಕ್ಸ್‌ಗೆ ಜ್ಯಾಕ್ ಆಧಾರ ಕೊಡಿ, ಟ್ರಾನ್ಸ್‌ಫರ್ ಕೇಸ್‌ಗೆ ಬೇರೆಯೇ ಜ್ಯಾಕ್. ಒಬ್ಬರೇ ಹೊತ್ತು ಹೊಂದಿಸುವ ಭಾರವಲ್ಲ ಅದು. ಹಳೆಯ ಗ್ಯಾಸ್ಕೆಟ್‌ನ ಚೂರು, ಬೋಲ್ಟ್ ತಲೆ ಕೂರುವ ಜಾಗದ ಬಣ್ಣ ಎಲ್ಲ ಕೆರೆದು ತೆಗೆಯಿರಿ. ಅಲ್ಲಿ ಉಳಿದ ಮೆತ್ತನೆಯ ಪದರ ಬಿಸಿಗೆ ಕುಗ್ಗಿ ಹಿಡಿತ ಕಳೆಯುತ್ತದೆ. ಎರಡು ಹೌಸಿಂಗ್ ಕೈಯಿಂದಲೇ ಪೂರ್ತಿ ಕೂಡಬೇಕು. ಸಂದಿ ಉಳಿದಿದ್ದರೆ ಸ್ಪ್ಲೈನ್ (ಶಾಫ್ಟ್ ಮೇಲಿನ ಹಲ್ಲುಗಳು) ಹೊಂದಿಲ್ಲ ಎಂದರ್ಥ, ಬೋಲ್ಟ್‌ನಿಂದ ಎಳೆದು ಕೂಡಿಸಲು ಹೋದರೆ ಕಿವಿ ಮುರಿಯುತ್ತದೆ. ಎಲ್ಲ ಬೋಲ್ಟ್ ಕೈಯಲ್ಲಿ ಹತ್ತಿದ ಮೇಲೆ, ಎದುರುಬದುರು ಕ್ರಮದಲ್ಲಿ ಮೊದಲು ಅರ್ಧ ಟಾರ್ಕ್, ಆಮೇಲೆ ಪೂರ್ತಿ. ಮೇಲಿನ ಬೋಲ್ಟ್‌ಗಳಿಗೆ ಸಾಕೆಟ್ ಸಿಗದಿದ್ದರೆ ಕ್ರೋ ಫೂಟ್ ಸ್ಪ್ಯಾನರ್ (ರೆಂಚ್ ತುದಿಗೆ ಸಿಕ್ಕಿಸುವ, ಬಾಯಿ ತೆರೆದ ಸ್ಪ್ಯಾನರ್ ತಲೆ) ತನ್ನಿ. ಅದನ್ನು ಟಾರ್ಕ್ ರೆಂಚ್‌ಗೆ 90 ಡಿಗ್ರಿಯಲ್ಲಿ ಸಿಕ್ಕಿಸಿದರೆ ಅಂಕಿ ತಿದ್ದುವ ಅಗತ್ಯವಿಲ್ಲ.

ಥ್ರೆಡ್ ಈಗಾಗಲೇ ಹೋಗಿದ್ದರೆ, ತಂತಿ ಸುರುಳಿ ಕೂರಿಸಿ ಹೊಸ ಥ್ರೆಡ್ ಮಾಡಿಕೊಡುವ ಹೆಲಿಕಾಯಿಲ್ ಕಿಟ್ ಒಳ್ಳೆಯ ಖರೀದಿ. ಕಿಟ್ ಹೇಳುವ ಡ್ರಿಲ್ ಅಳತೆಯನ್ನೇ ಬಳಸಿ. ಅದರ ಟ್ಯಾಪ್ (ತೂತಿನಲ್ಲಿ ಥ್ರೆಡ್ ಕೊರೆಯುವ ಉಪಕರಣ) ಸಾಮಾನ್ಯ ಎಂ10 ಟ್ಯಾಪ್ ಅಲ್ಲ, ಅದಕ್ಕಿಂತ ದೊಡ್ಡದು. ಡ್ರಿಲ್ ನೆಟ್ಟಗೆ ಇಳಿಯಬೇಕು. ಸುರುಳಿ ಮೇಲ್ಮೈಗಿಂತ ಅರ್ಧದಿಂದ ಒಂದು ಸುತ್ತು ಕೆಳಗೆ ನಿಲ್ಲಬೇಕು. ತುದಿಯ ನಾಲಿಗೆ ಮುರಿದು ಹೊರತೆಗೆಯುವುದನ್ನು ಮರೆತರೆ ಬೋಲ್ಟ್ ಅಲ್ಲಿಯೇ ತಡೆಯುತ್ತದೆ.

ಕೆಲಸ ಮುಗಿದ ಮೇಲೆ ಪ್ರತಿ ತಲೆಯಿಂದ ಹೌಸಿಂಗ್‌ವರೆಗೆ ಬಣ್ಣದ ಗೆರೆ ಎಳೆಯಿರಿ. ಗಟ್ಟಿಯಾದ ಲಾಕ್‌ಟೈಟ್ ಮೇಲೆ ಮತ್ತೆ ಟಾರ್ಕ್ ಮಾಡಿದರೆ ಆ ಹಿಡಿತವೇ ಒಡೆಯುತ್ತದೆ, ಆದ್ದರಿಂದ ಮುಂದಿನ ತಪಾಸಣೆಗೆ ಗೆರೆ ನೋಡಿದರೆ ಸಾಕು. ಗೆರೆ ಸರಿದಿದ್ದರೆ ಬೋಲ್ಟ್ ಅಂಗಡಿಗೆ ಮತ್ತೆ ಹೋಗುವ ಬದಲು ಗೇರ್‌ಬಾಕ್ಸ್ ಮೌಂಟಿಂಗ್‌ನ ರಬ್ಬರ್ ಹರಿದಿದೆಯೇ, ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ ಸವೆದಿದೆಯೇ, ಗಾಡಿ ಎತ್ತರಿಸಿದ ಮೇಲೆ ಶಾಫ್ಟ್‌ನ ಕೋನ ಕೆಟ್ಟಿದೆಯೇ ಎಂದು ನೋಡಿ.