ಹಳೇ ಜಾವಾ, ಯೆಜ್ಡಿ ಸಾಮಾನಿಗೆ ಇಬೇ ಹರಾಜು: ಮಾರುವವರಿಗೆ ಎಷ್ಟು ಗಿಟ್ಟುತ್ತದೆ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿ ಮೋಟಾರ್‌ಸೈಕಲ್‌ಗಳ ಕಾರ್ಬೊರೇಟರ್, ಹೆಡ್, ಡೈನಮೊ, ಮೀಟರು ನಮ್ಮ ಗುಜರಿಗಳಲ್ಲಿ ಇನ್ನೂ ಕೈಗೆ ಸಿಗುತ್ತವೆ. ಗುಜರಿಯವನಿಗೆ ಅದು ತೂಕದ ಲೋಹ. ಬ್ರಿಟನ್ನಿನಲ್ಲೋ ಚೆಕ್ ದೇಶದಲ್ಲೋ ಟೈಪ್ 353 ಮಾದರಿಯ ಹಳೇ ಜಾವಾ ಒಂದನ್ನು ಬಿಚ್ಚಿಟ್ಟುಕೊಂಡು ಕೂತವನಿಗೆ ಅದೇ ವರ್ಷಗಟ್ಟಲೆ ಹುಡುಕಿದ ತುಂಡು. ವ್ಯಾಪಾರ ಇರುವುದು ಈ ಎರಡರ ನಡುವೆ. ಅದಕ್ಕೆ ಅಮೆರಿಕದ ಆನ್‌ಲೈನ್ ಮಾರುಕಟ್ಟೆ ಇಬೇಯ ಹರಾಜು ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದು ಈ ವಿಮರ್ಶೆ.

ಮೊದಲಿಗೆ, ಇದು ಊರೊಳಗಿನ ವ್ಯಾಪಾರಕ್ಕಲ್ಲ. 2004ರಲ್ಲಿ ಬಾಝಿ ಡಾಟ್ ಕಾಮ್ ಎಂಬ ಇಲ್ಲಿನ ಹರಾಜು ತಾಣ ಕೊಂಡು ಭಾರತಕ್ಕೆ ಬಂದ ಇಬೇ, ಇಲ್ಲಿನ ತಾಣವನ್ನು 2017ರಲ್ಲಿ ಫ್ಲಿಪ್‌ಕಾರ್ಟ್‌ಗೆ ಬಿಟ್ಟುಕೊಟ್ಟಿತು. ಆ ತಾಣ 2018ರ ಆಗಸ್ಟ್ 14ಕ್ಕೆ ಮುಚ್ಚಿತು. ಹಾಸನದವನಿಗೆ ಕಿಕ್ಕರ್ ಮಾರಬೇಕೆಂದರೆ ಓಎಲ್‌ಎಕ್ಸೋ ಫೇಸ್‌ಬುಕ್ ಗುಂಪೋ ಸಾಕು. ಈಗ ಇಲ್ಲಿಂದ ಇಬೇ ಮೇಲೆ ಮಾರುವವರು ಅಮೆರಿಕ, ಬ್ರಿಟನ್, ಜರ್ಮನಿ ತಾಣಗಳಲ್ಲಿ ಮಾರುವ ರಫ್ತುದಾರರು. ಈ ಮಾತು ತಲೆಗೆ ಹೋಗದೆ ಶುರುಮಾಡಿದವರೇ ಹೆಚ್ಚು ಕೈಸುಟ್ಟುಕೊಳ್ಳುವುದು.

ರಫ್ತು ಅಂದ ಮೇಲೆ ಕಾಗದಪತ್ರ ಬೇಕು. ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ (ಡಿಜಿಎಫ್‌ಟಿ) ಕೊಡುವ ಆಮದು–ರಫ್ತು ಕೋಡ್, ಅಂದರೆ ಐಇಸಿ, 500 ರೂಪಾಯಿ ಶುಲ್ಕದಲ್ಲಿ ಆನ್‌ಲೈನಿನಲ್ಲೇ ಸಿಗುತ್ತದೆ. ಏನೂ ಬದಲಾಗದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಒಮ್ಮೆ ದೃಢೀಕರಿಸಬೇಕು. ಮರೆತರೆ ಕೋಡ್ ನಿಷ್ಕ್ರಿಯವಾಗಿ ಕೊರಿಯರ್ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಕೂತುಬಿಡುತ್ತದೆ. ವಿದೇಶಿ ಹಣ ಪಡೆಯುವ ಬ್ಯಾಂಕ್ ಶಾಖೆಯ ಗುರುತು ಸಂಖ್ಯೆ, ಅಂದರೆ ಎಡಿ ಕೋಡ್ ಬೇಕು. ಜಿಎಸ್‌ಟಿ ನೋಂದಣಿ ಇದ್ದವರು ವರ್ಷಕ್ಕೊಮ್ಮೆ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು. ಇಬೇ ಹಣ ಪೇಯೋನೀರ್ ಎಂಬ ಹಣ ಪಾವತಿ ಕಂಪನಿಯ ಮೂಲಕ ಬ್ಯಾಂಕಿಗೆ ಬರುತ್ತದೆ. ಕೊರಿಯರ್‌ನವರು ಸುಲಭಕ್ಕೆಂದು ‘ಸ್ಯಾಂಪಲ್’ ಅಥವಾ ‘ಗಿಫ್ಟ್’ ಎಂದು ಸಿಎಸ್‌ಬಿ–4 ಎಂಬ ಕೊರಿಯರ್ ಕಸ್ಟಮ್ಸ್ ನಮೂನೆಯಲ್ಲಿ ಕಳಿಸಿಬಿಡೋಣ ಅನ್ನುತ್ತಾರೆ. ಒಪ್ಪಬೇಡಿ. ಮಾರಾಟದ ಮಾಲು ಹೋಗಬೇಕಾದ್ದು ಸಿಎಸ್‌ಬಿ–5ರಲ್ಲಿ. ಇಲ್ಲದಿದ್ದರೆ ಬಂದ ಡಾಲರಿಗೂ ಹೋದ ಮಾಲಿಗೂ ತಾಳೆಯಾಗುವುದಿಲ್ಲ. ಅಂಚೆಯಲ್ಲಿ ಕಳಿಸುವವರಿಗೆ ಡಾಕ್ ಘರ್ ನಿರ್ಯಾತ್ ಕೇಂದ್ರ ಎಂಬ ಅಂಚೆ ರಫ್ತು ಕೇಂದ್ರಗಳಿವೆ, ರಫ್ತಿನ ಕಸ್ಟಮ್ಸ್ ಕಾಗದವಾದ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ಅಲ್ಲಿ ಆನ್‌ಲೈನಿನಲ್ಲೇ ಆಗುತ್ತದೆ. ಸಣ್ಣ ವ್ಯಾಪಾರಿಗೆ ಇದೇ ಅಗ್ಗ.

ಇನ್ನು ಹರಾಜು. ಕೊಳ್ಳುವವನು ತನ್ನ ಗರಿಷ್ಠ ಬೆಲೆ ಹೇಳಿಟ್ಟಿರುತ್ತಾನೆ. ಎದುರಾಳಿಯನ್ನು ಒಂದು ಮೆಟ್ಟಿಲು ಮೀರಲು ಎಷ್ಟು ಬೇಕೋ ಅಷ್ಟನ್ನೇ ಇಬೇ ಅವನ ಪರವಾಗಿ ಏರಿಸುತ್ತದೆ. 25ರಿಂದ 99.99 ಡಾಲರ್ ನಡುವೆ ಆ ಮೆಟ್ಟಿಲು 1 ಡಾಲರ್. ಹಳೇ ಜಾವಾದ ಒಂದು ಜಿಕಾವ್ ಕಾರ್ಬೊರೇಟರನ್ನು 9.99 ಡಾಲರಿಗೆ ಶುರುಮಾಡಿದಿರಿ ಅನ್ನಿ. ಒಬ್ಬ 80, ಇನ್ನೊಬ್ಬ 62 ಹೇಳಿದ್ದರೆ ಅದು 63ಕ್ಕೆ ಹೋಗುತ್ತದೆ. ಆ ವಾರ ಎರಡನೆಯವನು ಬರಲೇ ಇಲ್ಲವೋ, 80 ಕೊಡಲು ತಯಾರಿದ್ದವನಿಗೇ 9.99ಕ್ಕೆ ಸಿಕ್ಕಿಬಿಡುತ್ತದೆ. ಬೆಲೆ ಗೊತ್ತಾಗುವುದು ಎರಡನೇ ಗಿರಾಕಿಯಿಂದ, ಮೊದಲನೆಯವನಿಂದ ಅಲ್ಲ.

ಆ 9.99ರ ಗತಿಯನ್ನೂ ನೋಡಿ. ಸಾಗಣೆಗೆ 20 ಡಾಲರ್ ಬೇರೆ ಹಾಕಿದ್ದೀರಿ, ಒಟ್ಟು 29.99. ಇಬೇ ತನ್ನ ಪಾಲನ್ನು ಸಾಮಾನಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ತೆರಿಗೆ ಸೇರಿದ ಒಟ್ಟು ಮೊತ್ತದ ಮೇಲೆ ಮುರಿದುಕೊಳ್ಳುತ್ತದೆ. ಇಬೇ ಕಮಿಷನ್, ಪೇಯೋನೀರ್, ಡಾಲರ್–ರೂಪಾಯಿ ಬದಲಾವಣೆ ಎಲ್ಲ ಸೇರಿ ಶೇ. 20 ಎಂದು ಲೆಕ್ಕ ಇಟ್ಟುಕೊಂಡರೆ ಮೋಸವಿಲ್ಲ. 6 ಡಾಲರ್ ಹೋಯಿತು, ಅಂಚೆಗೆ 20 ಹೋಯಿತು. ಉಳಿದ 4 ಡಾಲರಿನಲ್ಲಿ ಗುಜರಿಯವನಿಗೆ ಕೊಟ್ಟಿದ್ದು, ಡಬ್ಬ, ಟೇಪು, ಸೀಮೆಎಣ್ಣೆ, ಎರಡು ಗಂಟೆ ಕೆಲಸ. ಹಾಗಾಗಿ ಶುರುವಿನ ಬೆಲೆ ಗಿರಾಕಿಯನ್ನು ಸೆಳೆಯುವ ಬೆಲೆಯಾದರೆ ಸಾಲದು. ಅಷ್ಟಕ್ಕೇ ಹೋದರೂ ನಿಮಗೆ ತಡೆದುಕೊಳ್ಳಲು ಆಗಬೇಕು. ರಿಸರ್ವ್ ಬೆಲೆ, ಅಂದರೆ ಅದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಎಂಬ ಬೆಲೆ ಇಡುವ ಅನುಕೂಲ ಇದೆ, ಆದರೆ ಸಾಮಾನು ಮಾರಾಟವಾಗದಿದ್ದರೂ ಅದರ ಶುಲ್ಕ ಕಟ್ಟಬೇಕು. ಗೆಳೆಯನ ಖಾತೆಯಿಂದ ಬಿಡ್ ಏರಿಸುವ ಆಟಕ್ಕೆ ಖಾತೆಯೇ ಹೋಗುತ್ತದೆ.

ಹರಾಜಿಗೆ ಯಾವುದು, ನಿಗದಿ ಬೆಲೆಗೆ ಯಾವುದು? ಒಂದೇ ಪರೀಕ್ಷೆ ಸಾಕು. ಹುಡುಕಾಟದಲ್ಲಿ ‘ಸೋಲ್ಡ್ ಐಟಮ್ಸ್’ ಫಿಲ್ಟರ್ ಒತ್ತಿ, ಹಿಂದಿನ 90 ದಿನದ ಮಾರಾಟ ನೋಡಿ. ಅದೇ ತುಂಡು ನಾಲ್ಕಾರು ಸಲ ಹೆಚ್ಚುಕಡಿಮೆ ಒಂದೇ ಬೆಲೆಗೆ ಹೋಗಿದ್ದರೆ ಹರಾಜು ದಂಡ. ನಿಗದಿ ಬೆಲೆ ಇಟ್ಟು, ಗಿರಾಕಿ ಚೌಕಾಸಿ ಮಾಡಲು ‘ಬೆಸ್ಟ್ ಆಫರ್’ ತೆರೆದಿಡಿ. ಲಿವರ್, ಫುಟ್‌ರೆಸ್ಟ್, ಯೆಜ್ಡಿಯ ಮಿಕಾರ್ಬ್ ಕಾರ್ಬೊರೇಟರ್ ಈ ಜಾತಿ. ದಾಖಲೆಯೇ ಇಲ್ಲದಿದ್ದರೆ, ಅಥವಾ ಒಂದು 30ಕ್ಕೆ ಇನ್ನೊಂದು 140ಕ್ಕೆ ಹೋಗಿದ್ದರೆ ಹರಾಜಿಗೆ ಹಾಕಿ. ಆರಂಭದ ವರ್ಷಗಳ ಗಾಡಿಯಲ್ಲಿ ಬಂದ ಚೆಕ್ ತಯಾರಿಕೆಯ ಪಿಎಎಲ್ ಮುದ್ರೆಯ ವಿದ್ಯುತ್ ಭಾಗಗಳು, ಮೊಳೆಯಂಥ ಕೀಲಿಯ ಇಗ್ನಿಷನ್ ಸ್ವಿಚ್, ಗಾಜು ಒಡೆಯದ ಮೂಲ ಮೀಟರು ಈ ಗುಂಪಿನವು.

ಮುಗಿಯುವ ಹೊತ್ತು ಮುಖ್ಯ. ಏಳು ದಿನದ ಹರಾಜು ಶುರುವಾದ ಹೊತ್ತಿಗೇ ಮುಗಿಯುತ್ತದೆ, ಬಿಡ್‌ಗಳ ದೊಡ್ಡ ಪಾಲು ಕೊನೆಯ ಕ್ಷಣಗಳಲ್ಲಿ ಬೀಳುತ್ತದೆ. ಬ್ರಿಟನ್ನಿನ ಭಾನುವಾರ ರಾತ್ರಿ 8 ಅಂದರೆ ನಮಗೆ ಸೋಮವಾರ ನಸುಕಿನ 12.30, ಅವರ ಚಳಿಗಾಲದಲ್ಲಿ 1.30. ಅಮೆರಿಕದ ಪೂರ್ವ ತೀರದ ಭಾನುವಾರ ರಾತ್ರಿ 9 ನಮಗೆ ಸೋಮವಾರ ಬೆಳಿಗ್ಗೆ 6.30, ಚಳಿಗಾಲದಲ್ಲಿ 7.30. ಅಲಾರಂ ಇಟ್ಟುಕೊಂಡು ಏಳಬೇಕಿಲ್ಲ, ಶೆಡ್ಯೂಲ್ ಮಾಡಿಡಬಹುದು.

ಗೆದ್ದವನು ದುಡ್ಡು ಕಟ್ಟದಿದ್ದರೆ? ನಾಲ್ಕು ದಿನ ಕಾದು ರದ್ದು ಮಾಡಿ, ಎರಡನೇ ಸ್ಥಾನದವನಿಗೆ ‘ಸೆಕೆಂಡ್ ಚಾನ್ಸ್’ ಕಳಿಸಿ. ಮಾರುವವನು ಕೊಳ್ಳುವವನ ಮೇಲೆ ಕೆಟ್ಟ ಅಭಿಪ್ರಾಯ ಬರೆಯುವ ಹಕ್ಕನ್ನು ಇಬೇ 2008ರಲ್ಲೇ ಕಿತ್ತುಕೊಂಡಿದೆ. ತಕ್ಕಡಿ ಯಾವ ಕಡೆ ವಾಲಿದೆ ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ವಾಲಿದ ತಕ್ಕಡಿಯ ನಿಜವಾದ ಪೆಟ್ಟು ಬೀಳುವುದು ವಾಪಸಾತಿಯಲ್ಲಿ. ‘ವರ್ಣನೆಯಂತಿಲ್ಲ’ ಎಂದು ಗಿರಾಕಿ ದೂರು ಕೊಟ್ಟರೆ, ಹಿಂದಕ್ಕೆ ತರಿಸುವ ಖರ್ಚು ಮಾರಿದವನದು. ಲಂಡನ್ನಿನಿಂದ ಬೆಂಗಳೂರಿಗೆ ಒಂದು ಕಾರ್ಬೊರೇಟರ್ ಹಿಂದಿರುಗಿಸುವ ದರ ಅದರ ಬೆಲೆಯನ್ನೇ ಮೀರಬಹುದು. ಬಂದರೂ ಕಸ್ಟಮ್ಸ್‌ನವರಿಗೆ ಅದು ಆಮದು ಸಾಮಾನು. ಆದ್ದರಿಂದ ಕಡಿಮೆ ಬೆಲೆಯವಕ್ಕೆ ಸಾಮಾನು ಕೇಳದೆ ಹಣ ಹಿಂದಿರುಗಿಸಿ ಕೈತೊಳೆದುಕೊಳ್ಳುವುದೇ ಲಾಭ. ದೂರೇ ಹುಟ್ಟದಂತೆ ವರ್ಣನೆ ಬರೆಯುವುದು ಇನ್ನೂ ಲಾಭ. ಅದಕ್ಕೆ ಈ ವ್ಯಾಪಾರದಲ್ಲಿ ಅತಿ ಮುಖ್ಯ ಉಪಕರಣ ವರ್ನಿಯರ್ ಕ್ಯಾಲಿಪರ್.

ಜಾವಾ 250ರ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ 65 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ 75. ಸಿಲಿಂಡರ್ ಬ್ಲಾಕ್ ಮಾರುವಾಗ ‘ಚೆನ್ನಾಗಿದೆ’ ಅಂದರೆ ಯಾರಿಗೂ ಉಪಯೋಗವಿಲ್ಲ. ಮೇಲೆ, ನಡುವೆ, ಕೆಳಗೆ, ಒಂದೊಂದು ಎತ್ತರದಲ್ಲೂ ಎರಡು ದಿಕ್ಕಿನಲ್ಲಿ ಅಳೆದು ಆರು ಅಂಕಿ ಬರೆಯಿರಿ. ಇದಕ್ಕೆ ಮಾತ್ರ ಕ್ಯಾಲಿಪರ್ ಸಾಲದು, ಬೋರ್ ಗೇಜ್ ಬೇಕು. ಸವೆದ ಬೋರನ್ನು ಎಷ್ಟು ಸಲ ಕೊರೆದು ಹಿಗ್ಗಿಸಿದ್ದಾರೆ, ಎಷ್ಟನೇ ಓವರ್‌ಸೈಜ್ ಆಗಿದೆ ಅನ್ನುವುದು ಅಲ್ಲೇ ತಿಳಿಯುತ್ತದೆ. ಈ ಗಾಡಿಗಳಲ್ಲಿ ಕಿಕ್ಕರ್ರೇ ಗೇರ್ ಲಿವರ್ ಕೂಡ ಆದ್ದರಿಂದ ಅದರ ಹಲ್ಲು ಬೇಗ ಸವೆಯುತ್ತದೆ; ಹಲ್ಲಿನ ಚಿತ್ರ ಹತ್ತಿರದಿಂದ ಹಾಕದ ಲಿವರ್ ಮಾರಾಟ ದೂರಿಗೆ ಆಹ್ವಾನ. ಕಾರ್ಬೊರೇಟರಿನಲ್ಲಿ ಸ್ಲೈಡ್ ಸವೆತ, ಫ್ಲೋಟ್‌ನಲ್ಲಿ ತೂತು, ತಿಂದುಹೋದ ಥ್ರೆಡ್ ಈ ಮೂರನ್ನೂ ತೋರಿಸಿ. ಚಿತ್ರ 24ರವರೆಗೂ ಹಾಕಬಹುದು, ಜಿಪುಣತನ ಬೇಡ. ಎಂಜಿನ್ ಭಾಗ ತಿರುಗುತ್ತದೆ ಅಷ್ಟೇ, ಓಡಿಸಿ ನೋಡಿಲ್ಲ ಎಂದಾದರೆ ‘ಬಳಸಿದ್ದು’ ವರ್ಗಕ್ಕೆ ಹಾಕಬೇಡಿ, ‘ಬಿಡಿಭಾಗಕ್ಕೆ ಅಥವಾ ಕೆಟ್ಟಿರುವುದು’ ವರ್ಗಕ್ಕೆ ಹಾಕಿ. ಬೆಲೆ ಸ್ವಲ್ಪ ಇಳಿದರೂ ನಿದ್ದೆ ಬರುತ್ತದೆ.

ಬಫ್ ಹೊಡೆಸಬೇಡಿ, ಅಂದರೆ ಪಾಲಿಶ್ ಮಾಡಿಸಬೇಡಿ. ಸೀಮೆಎಣ್ಣೆಯಲ್ಲಿ ತೊಳೆದು ಬ್ರಷ್ ಹಾಕಿದರೆ ಸಾಕು. ಫಳಫಳ ಹೊಳೆಯುವ ಹೆಡ್‌ನಲ್ಲಿ ಎರಕದ ಗುರುತು ಅಳಿಸಿಹೋಗಿ, ಅಸಲಿಯೇ ನಕಲಿಯಂತೆ ಕಾಣುತ್ತದೆ.

ಶೀರ್ಷಿಕೆಗೆ 80 ಅಕ್ಷರ. ವರ್ಷವೂ ಮಾದರಿ ಸಂಖ್ಯೆಯೂ ಅದರಲ್ಲಿ ಬರಲೇಬೇಕು, ಏಕೆಂದರೆ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಹೊಸ ಗಾಡಿಗಳೊಂದಿಗೆ ಮತ್ತೆ ಬಂದಿವೆ. ‘ಜಾವಾ 350’ ಎಂದಷ್ಟೇ ಬರೆದರೆ ಹಳೇ ಜೋಡಿ ಸಿಲಿಂಡರಿನದೋ 2024ರಲ್ಲಿ ಬಂದದ್ದೋ ಯಾರಿಗೂ ತಿಳಿಯದು. ಮೈಸೂರಿನದಾದರೆ ಮೈಸೂರಿನದೆಂದೇ ಬರೆಯಿರಿ; ಚೆಕ್ ಮಾಲು ಎಂದು ಆಸೆ ಹುಟ್ಟಿಸಿ ಕಳಿಸಿದ ತುಂಡು ವಾಪಸು ಬಂದೇ ಬರುತ್ತದೆ.

ತೊಡಕಿರುವುದು ಆಯಾ ದೇಶದ ಕಾನೂನಿನಲ್ಲಿ, ಇಬೇ ಸಹಾಯಪುಟಗಳು ಇಲ್ಲಿ ತೀರಾ ಸಪ್ಪೆ. ಜಾವಾದ ತವರು ಚೆಕ್ ದೇಶ ಐರೋಪ್ಯ ಒಕ್ಕೂಟದಲ್ಲಿದೆ. ಅಲ್ಲಿ 2024ರ ಡಿಸೆಂಬರ್ 13ರಿಂದ ಹೊಸ ಉತ್ಪನ್ನ ಸುರಕ್ಷತಾ ನಿಯಮ ಜಾರಿಯಲ್ಲಿದ್ದು, ಹಳೇ ಸಾಮಾನಿಗೂ ಒಕ್ಕೂಟದೊಳಗೆ ಒಬ್ಬ ಹೊಣೆಗಾರನ ವಿಳಾಸ ಬೇಕು. ದುರಸ್ತಿ ಮಾಡಿಯೇ ಬಳಸಬೇಕಾದ ವಸ್ತುವಿಗೆ, ಹಾಗೆಂದು ಸ್ಪಷ್ಟವಾಗಿ ಬರೆದಿದ್ದರೆ, ವಿನಾಯಿತಿ ಇದೆ. ರಿಪೇರಿಗೆ ಬಂದ ಡೈನಮೊಗೆ ಇದು ನ್ಯಾಯವಾಗಿಯೇ ಹೊಂದುತ್ತದೆ. ಸರಿಯಿರುವ ಮೀಟರಿಗೆ ಇದೇ ಸಾಲು ಅಂಟಿಸುವುದು ಸುಳ್ಳು. 150 ಯೂರೊವರೆಗಿನ ಪಾರ್ಸೆಲಿಗೆ ಇಬೇ ತಾನೇ ವ್ಯಾಟ್ ತೆರಿಗೆ ವಸೂಲಿ ಮಾಡಿ, ಅದರ ಗುರುತಾಗಿ ಒಂದು ಐಓಎಸ್‌ಎಸ್ ಸಂಖ್ಯೆ ಕೊಡುತ್ತದೆ. ಬುಕ್ ಮಾಡುವಾಗ ಕೌಂಟರಿನಲ್ಲಿ ಆ ಸಂಖ್ಯೆ ಕಂಪ್ಯೂಟರಿಗೆ ಹೋಗಿದೆಯೇ ಎಂದು ನಿಂತು ನೋಡಿ. ಬಿಟ್ಟುಹೋದರೆ ಗಿರಾಕಿ ಎರಡನೇ ಸಲ ತೆರಿಗೆ ಕಟ್ಟುತ್ತಾನೆ, ಬೈಗುಳ ನಿಮಗೆ. ಬ್ರಿಟನ್ನಿಗೆ ಈ ಮಿತಿ 135 ಪೌಂಡ್.

ಅಮೆರಿಕಕ್ಕೆ 800 ಡಾಲರ್‌ವರೆಗೆ ಸುಂಕವಿಲ್ಲದೆ ಹೋಗುತ್ತಿದ್ದ ಕಾಲ 2025ರ ಆಗಸ್ಟ್ 29ಕ್ಕೆ ಮುಗಿಯಿತು. ಆಗ ನಿಂತಿದ್ದ ನಮ್ಮ ಅಂಚೆ ಸೇವೆ ಅಕ್ಟೋಬರ್ 15ರಿಂದ, ಸುಂಕವನ್ನು ಬುಕಿಂಗ್ ವೇಳೆಯೇ ಕಟ್ಟಿಸಿಕೊಳ್ಳುವ ವ್ಯವಸ್ಥೆಯೊಂದಿಗೆ, ಮತ್ತೆ ಶುರುವಾಯಿತು. ಸುಂಕದ ದರ ಬದಲಾಗುತ್ತಲೇ ಇದೆ. ಹರಾಜು ಹಾಕುವ ದಿನವೇ ನೋಡಿಕೊಂಡು ಸಾಗಣೆ ದರಕ್ಕೆ ಸೇರಿಸಿ. ಆಸ್ಟ್ರೇಲಿಯಾಕ್ಕೆ ಬ್ರೇಕ್ ಶೂ, ಹಳೇ ಗ್ಯಾಸ್ಕೆಟ್ ಕಳಿಸಲೇಬೇಡಿ. 2003ರ ಕೊನೆಯಿಂದ ಅಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಪೂರ್ತಿ ನಿಷಿದ್ಧ, ಈ ಹಳೇ ಗಾಡಿಗಳ ಬ್ರೇಕ್ ಲೈನಿಂಗ್‌ನಲ್ಲಿ ಅದು ಇರುವ ಸಾಧ್ಯತೆ ಹೆಚ್ಚು. ಹಬ್ ಮಾರುವಾಗಲೂ ಶೂ ತೆಗೆದಿಟ್ಟು ಮಾರಿ.

ನಮ್ಮಲ್ಲೇ ಇರುವ ಇನ್ನೊಂದು ಅಪಾಯ ಎಂಜಿನ್ ನಂಬರ್, ಅದು ಕದ್ದ ಗಾಡಿಯದಾಗಿರಬಹುದು. ನಂಬರ್ ಕೆತ್ತಿದ ಕ್ರ್ಯಾಂಕ್‌ಕೇಸ್ ಯಾವ ಗುಜರಿಯಿಂದ ಬಂದರೂ ಬಿಲ್, ಕೊಟ್ಟವನ ಗುರುತಿನ ಚೀಟಿಯ ಪ್ರತಿ, ಸಾಧ್ಯವಾದರೆ ಆರ್‌ಸಿ ರದ್ದಾದ ಕಾಗದ ಇಟ್ಟುಕೊಳ್ಳಿ. ಕಾಗದವಿಲ್ಲದ್ದು ಎಷ್ಟೇ ಅಗ್ಗವಾಗಿದ್ದರೂ ಮುಟ್ಟಬೇಡಿ.

ಪ್ಯಾಕಿಂಗ್: ಕಾರ್ಬೊರೇಟರ್, ಟ್ಯಾಂಕ್, ಪೆಟ್ರೋಲ್ ಕಾಕ್ ಇವುಗಳಲ್ಲಿ ಪೆಟ್ರೋಲ್ ವಾಸನೆ ಉಳಿದಿದ್ದರೂ ವಿಮಾನದಲ್ಲಿ ಹೋಗುವುದಿಲ್ಲ. ಪೂರ್ತಿ ಬಿಚ್ಚಿ, ತೊಳೆದು, ಮೂರು ದಿನ ಬಿಸಿಲಿಗಿಡಿ. ಕೊರಿಯರ್‌ನವರು ಉದ್ದ, ಅಗಲ, ಎತ್ತರದ ಸೆಂಟಿಮೀಟರುಗಳನ್ನು ಗುಣಿಸಿ 5000ದಿಂದ ಭಾಗಿಸಿ ತೂಕ ಕಟ್ಟುತ್ತಾರೆ. 110×12×12ರ ಡಬ್ಬದಲ್ಲಿ ಸೈಲೆನ್ಸರ್ ಇಟ್ಟರೆ ತಕ್ಕಡಿ ಏನೇ ಹೇಳಲಿ, ಕನಿಷ್ಠ 3.17 ಕೆ.ಜಿ.ಯ ದುಡ್ಡು. ಅಂಚೆಯ ಟ್ರ್ಯಾಕ್ಡ್ ಪ್ಯಾಕೆಟ್ 2 ಕೆ.ಜಿ.ವರೆಗೆ ಮಾತ್ರ, ಕಾರ್ಬೊರೇಟರ್, ಸ್ವಿಚ್, ಮೀಟರಿಗೆ ಅದೇ ಸರಿ. ಬ್ಲಾಕ್‌ನ ಫಿನ್, ಅಂದರೆ ಶಾಖ ಹೊರಹಾಕುವ ತೆಳು ರೆಕ್ಕೆ ಮುರಿಯುವುದು ಡಬ್ಬದೊಳಗೆ ಅದು ಅಲ್ಲಾಡಿದರೆ. ಫಿನ್‌ಗಳ ನಡುವೆ ರಟ್ಟಿನ ಪಟ್ಟಿ ತೂರಿಸಿ, ಡಬ್ಬದೊಳಗೆ ಡಬ್ಬ ಇಟ್ಟು, ನಡುವಿನ ಜಾಗ ಬಿಗಿಯಾಗಿ ತುಂಬಿ. ಮರದ ಪೆಟ್ಟಿಗೆ ಬೇಡ, ಕೀಟ ಸಾಯುವಂತೆ ಶಾಖ ಕೊಟ್ಟಿದೆ ಎಂಬ ಅಂತರರಾಷ್ಟ್ರೀಯ ಐಎಸ್‌ಪಿಎಂ–15 ಮುದ್ರೆಯಿಲ್ಲದ ಹಲಗೆಯನ್ನು ಹೊರದೇಶದ ಬಂದರಿನಲ್ಲಿ ತಡೆಯುತ್ತಾರೆ.

ಚಳಿ ದೇಶಗಳಲ್ಲಿ ಗಾಡಿ ಬಿಚ್ಚುವ ಕಾಲ ಚಳಿಗಾಲ. ಬೇಸಿಗೆಯಲ್ಲಿ ಅವರು ಓಡಿಸುತ್ತಿರುತ್ತಾರೆ. ಮಳೆಗಾಲದಲ್ಲಿ ಕೊಂಡಿದ್ದನ್ನು ತೊಳೆದು, ಅಳೆದು, ಎಣ್ಣೆ ಸವರಿ, ಚಿತ್ರ ತೆಗೆದಿಡಿ. ಅಪರೂಪದ ತುಂಡುಗಳನ್ನು ಹರಾಜಿಗೆ ಬಿಡುವುದು ದೀಪಾವಳಿ ಕಳೆದ ಮೇಲೆ.